ಹೊಲಿಗೆ ಸಡಿಲ ಅಂದವಳು ನಾನು

ಶಾಹೀನ್, ನಿನ್ನ ಪುಸ್ತಕದ ಹೊಲಿಗೆ ಸಡಿಲವಾಗಿದೆ ಎಂದು ಬ್ರಿಜಿಡ್ ಹೇಳಲಿಲ್ಲ. ಹೇಳಿದವಳು ನಾನು. ಅವರ ಬಾಯಿಂದ ಬಂದ ಮಾತೇ ಬೇರೆ, ನಾನು ನಿನ್ನ ಕೈಗೆ ಕೊಟ್ಟ ಮಾತೇ ಬೇರೆ. ಕಿವಿ ಕೇಳದೆ ಹಾಗಾಗಲಿಲ್ಲ, ಅರ್ಥವಾಗದೆಯೂ ಅಲ್ಲ — ಅವರಾಡಿದ ಒಂದೊಂದು ಪದವೂ ನನಗೆ ಕೇಳಿಸಿತ್ತು. ತಿಳಿದೇ ಬದಲಾಯಿಸಿದೆ.

ನನ್ನ ಕನ್ನಡ ಎಂಥದೆಂದು ನಿನಗೆ ಗೊತ್ತು. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು. ಕೋಪ ಬಂದರೂ ಪ್ರೇಯರ್‌ಗೆ ಕೂತರೂ ಇಂಗ್ಲಿಷೇ ಮೊದಲು ಬಾಯಿಗೆ ಬರುತ್ತದೆ. ಇದನ್ನೂ ಇಂಗ್ಲಿಷಿನಲ್ಲಿ ಬರೆದಿದ್ದರೆ ಸುಲಭವಿತ್ತು. ಅಲ್ಲಿ 'ರಿಗ್ರೆಟ್' ಎನ್ನುವ ಒಂದು ಪದವಿದೆ, ಅದರ ಹಿಂದೆ ನೆಟ್ಟಗೆ ನಿಂತುಬಿಡಬಹುದು. ಆದರೆ ನಿನಗೆ ಮೋಸ ಮಾಡಿದ್ದು ಕನ್ನಡದಲ್ಲಿ. ಹಾಗಾಗಿ...

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ. ಅದರಲ್ಲಿ ಎಷ್ಟು ನಿಜ, ಎಷ್ಟು ನಾನು ಕಟ್ಟಿದ್ದು ಎಂದು ನಿನಗೆ ತಿಳಿಯಬೇಕು.

ಚಿಕ್ಕಬಳ್ಳಾಪುರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಾನು ಆಗಲೇ ರಿಟೈರ್ ಆಗಿದ್ದೆ. ಒಂದು ದಿನ ಪ್ರಿನ್ಸಿಪಾಲರು ಫೋನ್ ಮಾಡಿದರು. ಐರ್ಲೆಂಡಿನ ಆರ್ಟಿಸ್ಟ್ ಒಬ್ಬರು ಬಂದಿದ್ದಾರೆ, ಮುದ್ದೇನಹಳ್ಳಿಯ ಹತ್ತಿರ ಗೆಸ್ಟ್ ಹೌಸಿನಲ್ಲಿದ್ದಾರೆ, ನಮ್ಮ ಹುಡುಗಿಯರಿಗೆ ಪುಸ್ತಕ ಕಟ್ಟುವುದನ್ನು ಕಲಿಸುತ್ತಾರಂತೆ, ಅವರಿಗೆ ಕನ್ನಡ ಬಾರದು, ಇವರಿಗೆ ಅವರ ಇಂಗ್ಲಿಷ್ ತಿಳಿಯದು — ಬಂದು ಮಧ್ಯೆ ಕೂರುತ್ತೀರಾ ಎಂದರು. ಐರ್ಲೆಂಡ್ ಎಂದದ್ದೇ ಸಾಕಾಯಿತು ನನಗೆ. ನನ್ನನ್ನು ಬೆಳೆಸಿದ ನನ್‌ಗಳೆಲ್ಲ ಅಲ್ಲಿಯವರು. ಬ್ರಿಜಿಡ್ ಬಾಯಿ ತೆರೆದು 'ಗುಡ್ ಮಾರ್ನಿಂಗ್' ಅಂದಾಗ, ನಿಜ ಹೇಳಲೇ, ನನಗೆ ಕಣ್ಣು ತುಂಬಿತು. ಎಷ್ಟೋ ದಶಕದ ಹಿಂದೆ ಹೋದ ಸಿಸ್ಟರ್ ಆಗ್ನೆಸ್ ಅವರ ದನಿಯೇ ಎದ್ದು ಬಂದಂತಿತ್ತು. ಈ ಊರಿನಲ್ಲಿ ನನ್ನ ಇಂಗ್ಲಿಷನ್ನು ಕೇಳುವವರು ಯಾರಿದ್ದರು? ಬ್ಯಾಂಕಿನವರು, ಗ್ಯಾಸ್ ಏಜೆನ್ಸಿಯವರು. ಕ್ಲಾಸು ಮುಗಿದ ಮೇಲೆ ನಾವಿಬ್ಬರೂ ಚಹಾ ಕುಡಿಯುತ್ತಾ ಕೂತರೆ, ನಾನು ಮತ್ತೆ ಬೋರ್ಡಿಂಗಿನ ಹುಡುಗಿ. ಮೆಚ್ಚಿಸಬೇಕೆಂದು ಒದ್ದಾಡುವ ಹುಡುಗಿ.

ಮೊದಲನೆಯ ದಿನ ನೆನಪಿದೆಯಾ? ಕಾಗದವನ್ನು ಮಡಿಸಿ ಗೆರೆ ತೀಡಲು ಅವರು ಮೂಳೆಯಿಂದ ಮಾಡಿದ ಚಪ್ಪಟೆ ಪಟ್ಟಿಗಳನ್ನು ಹಂಚಿದರು. ಗೌರಿಬಿದನೂರಿನ ಭಾಗ್ಯ — ಅವಳ ತಾಯಿ ಕುಡುಮಲಕುಂಟೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುತ್ತಿದ್ದರು — ಅದನ್ನು ಎರಡು ಬೆರಳಲ್ಲಿ ಹಿಡಿದು ದೂರ ಚಾಚಿದಳು.

"ಮೇಡಂ, ಇದು ಯಾವ್ದರ ಮೂಳೆ ಅಂತ ಕೇಳಿ ಸ್ವಲ್ಪ. ಇವತ್ತು ಶನಿವಾರ. ನಮ್ಮಮ್ಮನಿಗೆ ಗೊತ್ತಾದ್ರೆ ಒಳಕ್ಕೆ ಸೇರ್ಸಲ್ಲ."

"ಭಾನುವಾರ ಕೋಳಿ ಮೂಳೆ ಚೀಪೋವಾಗ ಇಷ್ಟು ವಿಚಾರಣೆ ಮಾಡ್ತೀಯೇನೇ?" ಎಂದೆ ನೀನು.

ನಕ್ಕು ನಕ್ಕು ಆ ದಿನ ಯಾರ ಮಡಿಕೆಯೂ ನೇರ ಬರಲಿಲ್ಲ. ಅಕ್ಷರವೇ ಇಲ್ಲದೆಯೂ ಪುಸ್ತಕ ಮಾಡಬಹುದು, ಕಲಾವಿದರು ಮಾಡುತ್ತಾರೆ ಎಂದು ಬ್ರಿಜಿಡ್ ಹೇಳಿದಾಗಲೂ ಭಾಗ್ಯಳೇ: "ಬರವಣಿಗೆ ಇಲ್ದಿದ್ರೂ ಪುಸ್ತಕಾನಾ? ಹಂಗಾದ್ರೆ ನನ್ ಎಕ್ಸಾಮ್ ಪೇಪರ್ರೂ ಆರ್ಟೇ ಕಣೇ!" ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಬ್ರಿಜಿಡ್ ತಲೆ ಹಿಂದಕ್ಕೆ ಹಾಕಿ ನಕ್ಕರು. ನನಗೆ ಅದೇ ಬಹುಮಾನ — ಜೋಕ್ ಭಾಗ್ಯಳದಾದರೂ, ದಾಟಿಸಿದವಳು ನಾನಲ್ಲವೇ?

ಅವತ್ತು ಅವರು ಹೇಳಿದ ಇನ್ನೊಂದು ಮಾತನ್ನೂ ಸರಿಯಾಗಿಯೇ ದಾಟಿಸಿದ್ದೆ. ದಾರವನ್ನು ಬಿಗಿ ಎಳೆಯಬೇಡಿ, ಪುಟ ತಿರುಗಲು ಜಾಗ ಬೇಕು, ಪುಸ್ತಕ ತೆರೆದಾಗ ಉಸಿರು ಬಿಟ್ಟಂತೆ ಬಿಚ್ಚಿಕೊಳ್ಳಬೇಕು ಎಂದಿದ್ದರು. ಉಳಿದವರೆಲ್ಲ ತಲೆಯಾಡಿಸಿದರು. ನೀನು ತಲೆಯಾಡಿಸಲಿಲ್ಲ. ದಾರವನ್ನು ಒಮ್ಮೆ ಎಳೆದೆ, ಒಮ್ಮೆ ಬಿಟ್ಟೆ, ಮತ್ತೆ ಎಳೆದೆ.

ನೀನು ಶಿಡ್ಲಘಟ್ಟದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ನಿಮ್ಮ ಮನೆ ರೀಲಿಂಗ್ ಮನೆ — ಗೂಡು ಬೇಯಿಸಿ ನೂಲು ತೆಗೆಯುವ ಮನೆ. ದುಪಟ್ಟಾದಲ್ಲಿ ಬೆಂದ ಗೂಡಿನ ವಾಸನೆ ಇರುತ್ತಿತ್ತು, ಅದು ನಿನಗೂ ಗೊತ್ತಿತ್ತು. ಅದಕ್ಕೇ ಕಿಟಕಿಯ ಪಕ್ಕ ಕೂರುತ್ತಿದ್ದೆ. ಕೊನೆಗೆ ಎಲ್ಲರೂ ತಮ್ಮದೇ ಒಂದು ಪುಸ್ತಕ ಮಾಡಬೇಕು ಎಂದಾಗ, ಭಾಗ್ಯ ಫ್ಯಾಕ್ಟರಿಯ ತುಂಡುಬಟ್ಟೆಗಳನ್ನು ತಂದಳು, ಚಿಂತಾಮಣಿಯ ಹುಡುಗಿಯೊಬ್ಬಳು ತರಕಾರಿ ಮಂಡಿಯ ಹಳೇ ಗೋಣಿಚೀಲ ತಂದಳು. ನೀನು ಎಷ್ಟೋ ವಾರ ಏನನ್ನೂ ತರಲಿಲ್ಲ. ಆಮೇಲೊಂದು ದಿನ ಹಳೇ ಸೀರೆಯಲ್ಲಿ ಸುತ್ತಿದ್ದ ಹಾಳೆಗಳನ್ನು ಮೇಜಿನ ಮೇಲೆ ಬಿಚ್ಚಿದೆ.

ಎಲ್ಲರೂ ಬಗ್ಗಿ ನೋಡಿದರು. ಕಾಗದವಲ್ಲ, ಬಟ್ಟೆಯೂ ಅಲ್ಲ — ಹಾಲಿನ ಕೆನೆಯನ್ನು ಒಣಗಿಸಿ ಎತ್ತಿದಂತೆ.

"ರೈತ್ರ ಹತ್ರ ಹಣ್ಣಾದ ಹುಳ ತಂದೆ, ನೂಲು ಬಿಡೋಕೆ ಬಂದಿದ್ವು. ಚಂದ್ರಿಕೆಗೆ ಬಿಡ್ಲಿಲ್ಲ ಮೇಡಂ, ಹಲಗೆ ಮೇಲೆ ಬಿಟ್ಟೆ," ಎಂದೆ ನೀನು. ಗೂಡು ಕಟ್ಟಲಿ ಎಂದು ಹುಳುಗಳನ್ನು ಬಿಡುವ ಬಿದಿರಿನ ತಟ್ಟೆಗೆ ಚಂದ್ರಿಕೆ ಎನ್ನುತ್ತಾರೆಂದು ಬ್ರಿಜಿಡ್‌ಗೆ ನಾನು ವಿವರಿಸಿದೆ. "ಆತ್ಕೊಳ್ಳೋಕೆ ಮೂಲೆ ಸಿಗ್ದಿದ್ರೆ ಗೂಡು ಕಟ್ಟಕ್ಕಾಗಲ್ಲ ಅದಕ್ಕೆ. ಪಾಪ, ಆ ಕಡೆ ಈ ಕಡೆ ಓಡಾಡ್ಕೊಂಡೇ ನೂಲು ಹಾಸ್ತದೆ. ಕೆಳಕ್ಕಿಳಿದ್ರೆ ಎತ್ತಿ ಬಿಡ್ತಿದ್ದೆ, ಅಷ್ಟೇ ನನ್ ಕೆಲಸ."

ಆಮೇಲೆ ಆ ಹುಳುಗಳು ಏನಾದವು, ಬೇಯಿಸಿದಿರಾ ಎಂದು ಬ್ರಿಜಿಡ್ ಕೇಳಿದರು. ಅದನ್ನು ನಾನು ನಿನಗೆ ಕನ್ನಡದಲ್ಲಿ ದಾಟಿಸಿದೆ.

"ಇಲ್ಲ ಮೇಡಂ. ಬುಟ್ಟೀಲಿ ಇಟ್ಟಿದ್ವಿ, ಚಿಟ್ಟೆ ಆದ್ವು. ನಮ್ಮನೇಲಿ ಚಿಟ್ಟೆ ಆಗಿದ್ದು ಅದೇ ಮೊದ್ಲು. ನಮ್ ದಾದಿ, ನಮ್ಮಬ್ಬಾನ ಅಮ್ಮ, ಅವ್ರಂತೂ ಕುರ್ಚಿ ಹಾಕ್ಕೊಂಡು ನೋಡಿದ್ರು."

ಹುಳುವೇ ನೇಯ್ದ ಆ ಹಾಳೆಗಳನ್ನು ನೀನು ರೇಷ್ಮೆ ದಾರದಲ್ಲಿ ಹೊಲಿದು ಪುಸ್ತಕ ಮಾಡಿದೆ. ಒಂದಕ್ಷರವಿಲ್ಲ. ಪುಟ ತಿರುವಿದರೆ ಸದ್ದಿಲ್ಲ. ಹೊಲಿಗೆ ಎಷ್ಟು ಸಡಿಲ ಬೇಕೋ ಅಷ್ಟೇ ಸಡಿಲ — ಅವರು ಹೇಳಿಕೊಟ್ಟಂತೆಯೇ.

ಈಗ ಬರೆಯಬೇಕಾದದ್ದು ಇದೆ. ಅದಕ್ಕೆ ಮೊದಲು ಇನ್ನೊಂದು, ಸಣ್ಣ ವಿಷಯ, ಯಾರಿಗೂ ಗೊತ್ತಿಲ್ಲದ್ದು. ನಾನೂ ಒಂದು ಪುಸ್ತಕ ಮಾಡಿದ್ದೆ. ನಿಮ್ಮೆಲ್ಲರ ಮೇಜಿನ ತುದಿಯಲ್ಲಿ ಕೂತು, ಅವರ ಮಾತನ್ನು ನಿಮಗೂ ನಿಮ್ಮ ಮಾತನ್ನು ಅವರಿಗೂ ದಾಟಿಸುತ್ತಾ, ಮಧ್ಯೆ ಮಧ್ಯೆ ಮಡಿಸಿ, ಹೊಲಿದು, ನೀಲಿ ಕ್ಯಾಲಿಕೊ ಬಟ್ಟೆ ಹೊದಿಸಿ. ಒಳಗೆ ನಾನು ಹುಡುಗಿಯಾಗಿದ್ದಾಗ ಬರೆದ ಇಂಗ್ಲಿಷ್ ಪದ್ಯಗಳು. ಬ್ರಿಜಿಡ್ ಅದನ್ನು ಕೈಗೆತ್ತಿಕೊಂಡರು, ಬೆನ್ನು ನೋಡಿದರು. 'ವೆರಿ ನೀಟ್' ಅಂದರು. ಕೆಳಗಿಟ್ಟು ನಿನ್ನ ಕಡೆಗೆ ಹೋದರು.

ವೆರಿ ನೀಟ್. ಅಷ್ಟೇ, ಶಾಹೀನ್.

ನಿನ್ನದನ್ನು ಮಾತ್ರ ನಿಂತೇ ನೋಡಿದರು. ಕೂತರು. ಮತ್ತೆ ಮೊದಲಿನಿಂದ ತಿರುವಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: ಐರ್ಲೆಂಡಿನ ನನ್ನ ಸ್ಟುಡಿಯೋದಲ್ಲಿ ಒಬ್ಬರಿಗೆ ಒಂದು ವರ್ಷ ಜಾಗವಿದೆ. ಪ್ರಯಾಣ, ಊಟ, ವಸತಿ ಎಲ್ಲ ನಮ್ಮದು. ಈ ಹುಡುಗಿ ಬರುತ್ತಾಳಾ? ಕೇಳಿ.

ನೀನು ಎದುರಿಗೇ ಇದ್ದೆ. ನನ್ನ ಮುಖವನ್ನೂ ಅವರ ಮುಖವನ್ನೂ ನೋಡುತ್ತಾ, ಕಿರುಬೆರಳಿಗೆ ದಾರ ಸುತ್ತಿಕೊಳ್ಳುತ್ತಾ.

ನಾನು ನಿನ್ನನ್ನು ಕೇಳಲಿಲ್ಲ. ಅವರಿಗೇ ಉತ್ತರ ಕೊಟ್ಟೆ. ಇಂಗ್ಲಿಷಿನಲ್ಲಿ, ನಿನ್ನನ್ನೇ ನೋಡಿ ನಗುತ್ತಾ: ಅವಳ ಮನೆಯವರು ಎಂದಿಗೂ ಒಪ್ಪುವುದಿಲ್ಲ. ಬಹಳ ಆರ್ಥೊಡಾಕ್ಸ್ ಜನ. ಕೇಳಿದರೆ ಆಸೆ ಹುಟ್ಟಿಸಿ ನೋಯಿಸಿದಂತಾಗುತ್ತದೆ.

"ಆರ್ ಯು ಶ್ಯೂರ್?" ಎಂದರು.

"ಐ ನೋ ದೀಸ್ ಪೀಪಲ್," ಎಂದೆ.

ನಾನು ನಗುತ್ತಿದ್ದೆನಲ್ಲ — ಹೊಗಳುತ್ತಿದ್ದೇನೆ ಎಂದುಕೊಂಡು ನೀನೂ ನಕ್ಕೆ. "ಏನಂದ್ರು ಮೇಡಂ?" ಎಂದೆ.

ಬಾಯಿಗೆ ಏನು ಬಂತೋ ಅದನ್ನು ಹೇಳಿದೆ. ಬೋರ್ಡಿಂಗಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ದಿನವೂ ನನ್ನ ಬೆನ್ನ ಹಿಂದೆ ಕೇಳುತ್ತಿದ್ದ 'ಟೈಟರ್, ಚೈಲ್ಡ್' ಎನ್ನುವ ಮಾತು ಇರಬೇಕು. "ಚೆನ್ನಾಗಿದೆ ಅಂದ್ರು. ಆದ್ರೆ ಹೊಲಿಗೆ ಸಡಿಲ ಆಯ್ತಂತೆ. ಬಿಗಿ ಮಾಡ್ಬೇಕಂತೆ."

ನೀನು ಒಂದು ಕ್ಷಣ ಅರ್ಥವಾಗದವಳಂತೆ ನೋಡಿದೆ. "ಸಡಿಲ ಇರ್ಲಿ ಅಂತ ಅವ್ರೇ ಅಂದಿದ್ರಲ್ಲ ಮೇಡಂ, ಮೊದಲ್ನೇ ದಿನ?"

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. "ಅದು ಕಾಗದಕ್ಕೆ ಅಂದಿದ್ದು. ರೇಷ್ಮೆಗಲ್ಲ," ಎಂದೆ.

ನನ್ನ ಮಾತನ್ನು ನೀನು ನಂಬಿದೆ. ನಿನ್ನ ಬೆರಳಿಗೆ ಗೊತ್ತಿದ್ದುದನ್ನು ಬಿಟ್ಟು ನನ್ನ ಮಾತನ್ನು ನಂಬಿದೆ. ಮನೆಗೆ ಒಯ್ದು ಹೊಲಿಗೆಯನ್ನೆಲ್ಲ ಬಿಚ್ಚಿ, ಮತ್ತೆ ಬಿಗಿಯಾಗಿ ಹೊಲಿದೆಯಂತೆ. ಹುಳುವಿನ ಹಾಳೆ ಕಾಗದದಂತೆ ತಡೆಯುವುದಿಲ್ಲ. ಎಳೆದ ದಾರ ತೂತಿನಿಂದ ತೂತಿಗೆ ಕೊಯ್ದುಕೊಂಡು ಹೋಯಿತು. ಪುಟ ಪುಟವೂ ಬೆನ್ನಿನಿಂದ ಹರಿದು ಬಂತು. ಇದೆಲ್ಲ ನನಗೆ ಭಾಗ್ಯ ಹೇಳಿದ್ದು. "ಅಯ್ಯೋ ದೇವುಡಾ, ಎಷ್ಟು ಅತ್ತಳು ಗೊತ್ತಾ ಮೇಡಂ. ಬಾಣಲೆ ಕೆಳಗಿನ ಒಲೆಗೆ ಹಾಕ್ಬಿಟ್ಟಳಂತೆ ಎಲ್ಲಾನೂ." ಗೂಡು ಬೇಯಿಸುವ ಒಲೆಗೆ.

ಎಲ್ಲರ ಪುಸ್ತಕಗಳನ್ನೂ ಪ್ರದರ್ಶನಕ್ಕಿಟ್ಟ ದಿನ ನಿನ್ನ ಜಾಗ ಖಾಲಿ ಇತ್ತು. ರೇಷ್ಮೆ ಪುಸ್ತಕ ಎಲ್ಲಿ ಎಂದು ಬ್ರಿಜಿಡ್ ಕೇಳಿದರು. ಮನೆಯವರು ಇಟ್ಟುಕೊಂಡರಂತೆ, ಅವರಿಗೆ ಅದು ತುಂಬಾ ಪ್ರೀತಿ ಎಂದೆ. ಎಷ್ಟು ನುಣ್ಣಗೆ ಬಂತು ಆ ಸುಳ್ಳು! ಒಂದರ ಬೆನ್ನಿಗೆ ಒಂದು, ನೂಲಿನಂತೆ.

ಇಷ್ಟಕ್ಕೇ ನಿಂತಿದ್ದರೆ ಒಂದು ಕ್ಷಣದ ಕೆಟ್ಟತನ ಎಂದುಕೊಳ್ಳಬಹುದಿತ್ತೇನೋ. ಆದರೆ ಅದಾದ ಮೇಲೆ ನಿಮ್ಮ ಅಬ್ಬಾ ನನ್ನ ಮನೆಗೆ ಬಂದರು. ಅದು ನಿನಗೆ ಗೊತ್ತೇ ಇಲ್ಲ ಎಂದು ನನ್ನ ಊಹೆ. ಯಾರಿಗೂ ಹೇಳಬೇಡಿ, ಆಗದಿದ್ದರೆ ಹುಡುಗಿಗೆ ಮತ್ತೆ ಬೇಜಾರು ಎಂದಿದ್ದರು.

ಹಾಲ್‌ನ ಕುರ್ಚಿಯ ಅಂಚಿನಲ್ಲಿ ಕೂತರು. ಕಾಫಿ ಬೇಡ ಎಂದರು. "ಮೇಡಂ, ಮಾರ್ಕೆಟ್‌ನಲ್ಲಿ ಗೂಡು ಹರಾಜಿನ ಮೊದಲ್ನೇ ಸುತ್ತಿಗೆ ರೇಟ್ ಸರಿ ಬರ್ಲಿಲ್ಲ ಅಂದ್ರೆ ರೈತ ಬ್ಯಾಡ ಅಂತಾನೆ. ಎದ್ದು ಹೋಗಲ್ಲ. ಗೂಡಿನ ಹತ್ರಾನೇ ಕೂತಿರ್ತಾನೆ, ಎರಡ್ನೇ ಸುತ್ತು ಇರ್ತದೆ ಅಂತ. ನಾನೂ ಹಂಗೇ ಬಂದಿದೀನಿ ಅಂದ್ಕೊಳ್ಳಿ."

ಏನು ವಿಷಯ ಎಂದೆ. ನನಗೆ ಗೊತ್ತಾಗಿತ್ತು, ಆದರೂ ಕೇಳಿದೆ.

"ಹುಡುಗಿ ಸರಿಯಾಗಿ ಊಟ ಮಾಡ್ತಿಲ್ಲ. ಹೊಲಿಗೆ ಬರ್ಲಿಲ್ಲ ಅಂತಾಳೆ. ಬರ್ದಿದ್ರೆ ಕಲೀಲಿ ಮೇಡಂ! ಆ ಯಮ್ಮ ಎಲ್ಲಿ ಕಲಿಸ್ತಾರೋ ಅಲ್ಲಿಗೇ ಕಳಿಸ್ತೀನಿ. ಅವ್ರು ಯಾರ್ನಾದ್ರೂ ಸೇರಿಸ್ಕೋತಾರಾ, ನೀವೊಂದು ಮಾತು ಕೇಳಿ. ನಿಕಾಹ್ ಮಾತು ಬಂದಿದೆ, ತಡೀರಿ ಅಂದಿದೀನಿ."

"ತುಂಬಾ ದೂರ ಸಾಹೇಬ್ರೇ. ಬೇರೆ ದೇಶ."

"ದೂರ ಅಂದ್ರೇನು? ಹಡಗಲ್ಲಿ ಹೋಗೋ ಕಾಲಾನಾ ಇದು? ನಮ್ ಅಮ್ಮಾ ಇದಾರಲ್ಲ, ಅವರೇ ಹೇಳಿದ್ದು — ಕಳಿಸು, ಚಿಟ್ಟೆ ತೋರಿಸಿದ ಹುಡುಗಿ ಅಂತ."

ಬ್ರಿಜಿಡ್ ಆಗಿನ್ನೂ ಹೊರಟಿರಲಿಲ್ಲ. ಗೆಸ್ಟ್ ಹೌಸಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. ನಾನು ಒಂದು ಫೋನ್ ಮಾಡಬೇಕಿತ್ತು. ಆದರೆ ಮಾಡಿದರೆ — ಆ ಹುಡುಗಿಯ ತಂದೆ ತಾನೇ ಬಂದು ಕೇಳುತ್ತಿದ್ದಾರೆ ಎಂದರೆ — ಹಾಗಾದರೆ ಅವತ್ತು ನೀವು ಹೇಳಿದ್ದು? ಎಂದು ಅವರು ಕೇಳುತ್ತಿದ್ದರು. ಸಿಸ್ಟರ್ ಆಗ್ನೆಸ್ ಅವರ ದನಿಯಲ್ಲಿ. ಅದನ್ನು ನಾನು ತಡೆದುಕೊಳ್ಳಲಾರೆ ಎನ್ನಿಸಿತು. ನನ್ನ ಮರ್ಯಾದೆ ಉಳಿಯಬೇಕಿತ್ತು.

"ಆಗಲೇ ಕೇಳಿದೀನಿ," ಎಂದೆ. "ಅವರು ಯಾರನ್ನೂ ಸೇರಿಸ್ಕೊಳ್ಳಲ್ವಂತೆ."

ಅವರು ಎದ್ದರು. "ಹೋಗ್ಲಿ ಬಿಡಿ ಮೇಡಂ. ನಾನು ಹೇಳೋಕೆ ಮುಂಚೇನೇ ನಮ್ ಹುಡುಗಿಗೋಸ್ಕರ ಕೇಳಿದ್ರಲ್ಲ, ಅಷ್ಟು ಸಾಕು," ಎಂದು ಕೈ ಮುಗಿದರು. ನಾನೂ ಕೈ ಮುಗಿದೆ.

ನಿನ್ನ ಮನೆಯವರ ಬಗ್ಗೆ ನಾನು ಹೇಳಿದ್ದು ಸುಳ್ಳೆಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಅದಕ್ಕೆ ಮುಂಚೆ? ನಂಬಿಯೇ ಹೇಳಿದ್ದೆನೇ? ಇದನ್ನು ಎಷ್ಟೋ ಸಲ ನನ್ನೊಳಗೆ ತಿರುವಿ ನೋಡಿದ್ದೇನೆ. ನಂಬಿದ್ದೆ ಎಂದುಕೊಂಡರೆ, ಇಷ್ಟು ವರ್ಷ ಈ ಸೀಮೆಯಲ್ಲಿ ಪಾಠ ಮಾಡಿಯೂ ನಿಮ್ಮಂಥ ಒಂದು ಮನೆಯ ಹೊಸಿಲನ್ನೂ ದಾಟದೆ 'ಇವರು ನನಗೆ ಗೊತ್ತು' ಎಂದ ಹೆಂಗಸು ನಾನು. ನಂಬಿರಲಿಲ್ಲ ಎಂದುಕೊಂಡರೆ, ನೀಲಿ ಕ್ಯಾಲಿಕೊ ಪುಸ್ತಕವನ್ನು ಯಾರೂ ಮೆಚ್ಚಲಿಲ್ಲವೆಂದು ಹುಡುಗಿಯೊಬ್ಬಳ ದಾರಿಗೆ ಅಡ್ಡ ನಿಂತ ಮುದುಕಿ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ಆರಿಸಿಕೊಳ್ಳಲು ಹೋಗಿ — ಎರಡೂ ನಾನೇ ಎನ್ನುವಲ್ಲಿಗೆ ಬಂದು ನಿಲ್ಲುತ್ತೇನೆ.

ಬ್ರಿಜಿಡ್ ಊರಿಗೆ ಹೋದ ಮೇಲೆ ಆಗಾಗ ಮೇಲ್ ಬರೆಯುತ್ತಿದ್ದರು. ನಿನ್ನ ಹೆಸರು ಅವರ ನೆನಪಿನಲ್ಲಿ ನಿಂತಿರಲಿಲ್ಲ. 'ದಿ ಸಿಲ್ಕ್ ಗರ್ಲ್' ಹೇಗಿದ್ದಾಳೆ ಎನ್ನುತ್ತಿದ್ದರು. ಮದುವೆಯಾಗಿ ಸುಖವಾಗಿದ್ದಾಳೆ ಎಂದು ಬರೆದೆ. ಆಗ ನಿನಗೆ ಮದುವೆ ಆಗಿರಲಿಲ್ಲ. ಆಮೇಲೆ ಆಯಿತು, ನಾನು ಬರೆದದ್ದೇ ಮುಂದೆ ನಡೆದಂತೆ. ಕೊರೋನ ಮುಗಿದ ಮರುವರ್ಷ ಅವರ ಸೋದರಿಯ ಮಗಳಿಂದ ಒಂದು ಮೇಲ್ ಬಂತು. ಬ್ರಿಜಿಡ್ ಹೋದರು, ಸ್ಟುಡಿಯೋ ಮುಚ್ಚಿದೆವು ಎಂದು. ನಿಮ್ಮ ಅಬ್ಬಾನೂ ಆ ಸುಮಾರಿಗೇ ಹೋದರೆಂದು ಕೇಳಿದೆ. ನನ್ನ ಸುಳ್ಳನ್ನು ಸುಳ್ಳೆನ್ನಬಲ್ಲವರು ಒಬ್ಬೊಬ್ಬರಾಗಿ ಹೊರಟುಹೋದರು. ನನಗೆ ದುಃಖವಾಯಿತು ಎಂದರೆ ನೀನು ನಂಬಬೇಕಾಗಿಲ್ಲ. ಸ್ವಲ್ಪ ಹಗುರವೂ ಆಯಿತು. ಅದನ್ನೂ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಚಿಂತಾಮಣಿಯಲ್ಲಿ ನಿನ್ನನ್ನು ನೋಡದೆ ಹೋಗಿದ್ದರೆ ಇದನ್ನು ಬರೆಯುತ್ತಲೂ ಇರಲಿಲ್ಲವೇನೋ. ಪೆನ್ಷನ್ನಿನ ಕೆಲಸಕ್ಕೆ ಹೋದವಳಿಗೆ ಜೆರಾಕ್ಸ್ ಬೇಕಿತ್ತು, ಅಲ್ಲಿಯ ಕಾಲೇಜಿನ ಎದುರಿನ ಅಂಗಡಿಗೆ ಹತ್ತಿದೆ. "ಮೇಡಂ!" ಎಂದು ಕೂಗಿ ಕೌಂಟರ್ ದಾಟಿ ಓಡಿ ಬಂದೆಯಲ್ಲ — ನನಗೆ ಗುರುತು ಸಿಗುವ ಮುಂಚೆಯೇ ನನ್ನ ಕೈ ಹಿಡಿದಿದ್ದೆ. ನಿನ್ನ ಗಂಡನಿಗೆ ಹೇಳಿ ಕುರ್ಚಿ ಹಾಕಿಸಿದೆ. ಹುಡುಗರ ಪ್ರಾಜೆಕ್ಟ್ ರಿಪೋರ್ಟುಗಳ ರಾಶಿ. ನೀನು ಮಷೀನಿಗೆ ಹಾಳೆ ಕೊಡುತ್ತಿದ್ದೆ, ಹಿಡಿ ಒತ್ತಿದರೆ ಸಾಲಾಗಿ ತೂತು, ಪ್ಲಾಸ್ಟಿಕ್ಕಿನ ಸುರುಳಿಯನ್ನು ತಿರುಗಿಸಿ ಒಳಗೆ ಬಿಟ್ಟರೆ ಮುಗಿಯಿತು. ಮಾತಾಡುತ್ತಾ ಮಾತಾಡುತ್ತಾ ಒಂದರ ಮೇಲೊಂದು ಪೇರಿಸುತ್ತಿದ್ದೆ, ನೋಡದೆಯೇ.

ನಿನ್ನ ಮಗಳು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದಳು. "ಇವರು ಯಾರು ಗೊತ್ತಾ? ನಿಮ್ ಅಮ್ಮಿಗೆ ಪುಸ್ತಕ ಕಟ್ಟೋದು ಕಲಿಸಿದ ಮೇಡಂ," ಎಂದೆ ನೀನು.

"ಹಂಗಾದ್ರೆ ಒಂದು ಕಟ್ಟು, ನೋಡಣ," ಎಂದಳು ಅವಳು.

ನೀನು ನಕ್ಕೆ. "ನನ್ ಕೈಗೆ ಹೊಲಿಗೆ ಬರಲ್ಲ ಕಣಮ್ಮ. ಫಾರಿನ್ ಮೇಡಮ್ಮೇ ಹೇಳ್ಬಿಟ್ಟಿದ್ರು. ಇವರು ಮುಚ್ಚುಮರೆ ಮಾಡ್ದೆ ಹೇಳಿದ್ರು ನಂಗೆ, ಬೇರೆಯವರಾಗಿದ್ರೆ ಸುಮ್ನೆ ಚೆನ್ನಾಗಿದೆ ಅಂದ್ಬಿಡೋರು." ಆಮೇಲೆ ನನ್ನ ಕಡೆ ತಿರುಗಿ, "ಆವತ್ತಿಂದ ಸೂಜಿನೇ ಹಿಡಿದಿಲ್ಲ ಮೇಡಂ. ಇವಳ ಯೂನಿಫಾರಂ ಗುಂಡಿ ಕೂಡ ಟೈಲರ್ ಹತ್ರಾನೇ."

ಚಹಾ ಬಂತು. ಕುಡಿದೆ. ನಿನ್ನ ಗಂಡ ಒಳ್ಳೆಯವರು ಎಂದೆ. ಮಗಳು ಚುರುಕು ಎಂದೆ. ನೀನು ನನ್ನನ್ನು ಬಸ್ಸಿನವರೆಗೂ ಕೈ ಹಿಡಿದು ಬಿಟ್ಟೆ, ನಾನು ಹತ್ತಿದೆ.

ಅಲ್ಲಿಂದ ಬಂದ ಮೇಲೆ ಒಂದೇ ವಾದ, ನನ್ನೊಳಗೆ. ಹೇಳಿ ಏನುಪಯೋಗ? ಬ್ರಿಜಿಡ್ ಇಲ್ಲ, ಸ್ಟುಡಿಯೋ ಇಲ್ಲ, ನಿನ್ನ ಅಬ್ಬಾ ಇಲ್ಲ. ಹಾಳೆಗಳು ಬೂದಿಯಾಗಿ ಯಾವ ಕಾಲವಾಯಿತು. ಬರುತ್ತೀಯಾ ಎಂದು ಕೇಳುವವರಿಲ್ಲದ ಮೇಲೆ, ಒಂದು ಸಲ ಕೇಳಿದ್ದರು ಎಂದು ತಿಳಿಸಿ ನಿನಗೆ ನಾನು ಕೊಡುವುದಾದರೂ ಏನು? ಈಗ ನಿನಗಿರುವುದು ಒಂದು ಸಣ್ಣ ಬೇಜಾರು, ಹಳತಾಗಿ ನಗುವಷ್ಟು ಸವೆದಿದೆ. ಅದನ್ನು ಕಿತ್ತುಕೊಂಡು ಇಷ್ಟು ದೊಡ್ಡದನ್ನು ಕೈಗಿಡುವುದೇ? ಅಂಗಡಿಯಲ್ಲಿ ಕೂತ ಪ್ರತಿದಿನವೂ ನೀನು ಆ ಇನ್ನೊಂದು ವರ್ಷವನ್ನು ನೆನೆಯುವಂತೆ ಮಾಡುವುದೇ? ಬೇಡ, ಅವಳು ನೆಮ್ಮದಿಯಾಗಿದ್ದಾಳೆ, ಕೇಳಿದರೆ ನೋಯುತ್ತಾಳೆ —

ಇಲ್ಲಿಗೆ ಬಂದಾಗ ಪೆನ್ನು ನಿಂತಿತು. ಇದೇ ಮಾತನ್ನು ನಾನು ಬ್ರಿಜಿಡ್‌ಗೆ ಹೇಳಿದ್ದೆ. ಅದೇ ಕಾಳಜಿಯ ದನಿ. ಮತ್ತೆ ನಿನ್ನ ಪರವಾಗಿ ನಾನೇ ಯೋಚಿಸಿ, ನಾನೇ ತೀರ್ಮಾನಿಸಿ, ಬಾಯಿ ಮುಚ್ಚಿ ಕೂರಲು ಹೊರಟಿದ್ದೆ.

ಆದ್ದರಿಂದ ಬರುತ್ತೇನೆ. ಅಂಚೆಗೆ ಹಾಕುವುದಿಲ್ಲ, ಬೇರೆಯವರ ಕೈಯಲ್ಲಿ ಕಳಿಸುವುದಿಲ್ಲ. ಈ ಸೋಮವಾರ ಚಿಂತಾಮಣಿಯ ಬಸ್ಸು ಹತ್ತಿ, ನಿನ್ನ ಅಂಗಡಿಗೆ ಬಂದು, ನಿನ್ನ ಮಗಳೂ ಇದ್ದರೆ ಅವಳ ಮುಂದೆಯೇ, ನಿನ್ನ ಹೊಲಿಗೆ ಸರಿಯಾಗಿತ್ತು ಎಂದು ಹೇಳುತ್ತೇನೆ. ಉಳಿದದ್ದನ್ನು ಈ ಕಾಗದ ನೋಡಿ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಅದು ನನ್ನ ಅನುಕೂಲದ ಮಾತು. ಇದರಿಂದ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು.

ಓದಿ ಮುಗಿಸಿದ ಮೇಲೆ ನೀನು ಏನು ಹೇಳುತ್ತೀಯೋ ಗೊತ್ತಿಲ್ಲ. ಈ ಸಲ ಊಹಿಸುವುದಿಲ್ಲ.